ಐವತ್ತು ದಾಟಿದ ಪೈಲ್ವಾನರಿಗೆ ತಾಲೀಮು ಬೇಕೆ?

ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಪಳಗಿದವರಿಗೆ ಇದು ಗೊತ್ತಿರುವ ಸಂಗತಿ. ದಸರಾ ಕುಸ್ತಿಗೆ ಇಳಿಯುವ ವಯಸ್ಸು ಮುಗಿಯಿತೆಂದರೆ ಅನೇಕರು ಗರಡಿಯ ಕಡೆ ತಲೆ ಹಾಕುವುದಿಲ್ಲ. ದಂಡ, ಬಸ್ಕಿ ನಿಂತುಹೋಗುತ್ತವೆ. ಆದರೆ ಹಾಲು, ತುಪ್ಪ, ಬಾದಾಮಿ, ಮಾಂಸದ ಊಟ ಮಾತ್ರ ಹಳೆಯ ಲೆಕ್ಕದಲ್ಲೇ ಸಾಗುತ್ತದೆ! ಮೈ ಸಡಿಲಗೊಂಡು ಬೊಜ್ಜು ಬೆಳೆಯುತ್ತದೆ. ಮಧುಮೇಹ, ರಕ್ತದೊತ್ತಡಗಳಿಗೆ ದಾರಿಯಾಗುತ್ತದೆ. ಜನ ಇದನ್ನು ಕುಸ್ತಿಯ ತಲೆಗೆ ಕಟ್ಟುತ್ತಾರೆ. ಬಿಡಬೇಕಾದದ್ದು ಪಂದ್ಯವನ್ನೇ ಹೊರತು ತಾಲೀಮನ್ನಲ್ಲ ಎಂಬುದನ್ನು ಅವರು ಗಮನಿಸುವುದಿಲ್ಲ.

ವಯಸ್ಸಾದಂತೆ ದೇಹದಲ್ಲಿ ಏನಾಗುತ್ತದೆ? ನಲವತ್ತರ ಆಸುಪಾಸಿನಿಂದ ಮಾಂಸಖಂಡಗಳು ನಿಧಾನವಾಗಿ ಕರಗತೊಡಗುತ್ತವೆ. ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ಸ್ನಾಯುರಜ್ಜುಗಳು ಬಿಗಿಯಾಗುತ್ತವೆ, ಪೆಟ್ಟು ವಾಸಿಯಾಗಲು ಹೆಚ್ಚು ದಿನ ಹಿಡಿಯುತ್ತದೆ, ಸಮತೋಲ ತಪ್ಪುತ್ತದೆ. ಮುಪ್ಪಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನೀವು ಕಂಡೇ ಇರುತ್ತೀರಿ. ಇದಕ್ಕೆ ಅಡ್ಡಗೋಡೆಯಾಗಿ ನಿಲ್ಲುವುದು ಕಾಲಿನ ಬಲ. ಬಸ್ಕಿ ಕೊಡುವುದೂ ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸಲಹೆಯಂತೆ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕು. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲ ಬೆಳೆಸುವ ಅಭ್ಯಾಸ ಮಾಡಬೇಕು.

ಇದೆಲ್ಲ ಆಗುವ ಮಾತೇ ಎನ್ನುವಿರಾ? ಹೆಗ್ಗಡದೇವನ ಕೋಟೆ ಸೀಮೆಯ ಎನ್. ಬೇಗೂರಿನ ಕಡೆಯವರಿಗೆ ಕೇರಳ ದೂರವಲ್ಲ. ಕಾಡು ದಾಟಿದರೆ ವಯನಾಡು. ಘಟ್ಟ ಇಳಿದರೆ ಕೋಳಿಕ್ಕೋಡು ಜಿಲ್ಲೆಯ ವಡಗರ. ಅಲ್ಲಿನ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿನಲ್ಲಿ ಕಳರಿಪಯಟ್ಟು ಕಲಿಯಲು ತೊಡಗಿದವರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಆಗಲೂ ಸೀರೆಯ ಸೆರಗು ಬಿಗಿದು ಕತ್ತಿ-ಗುರಾಣಿ ಹಿಡಿದು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ನಡುವೆ ಬಿಡದೆ ಬಂದ ಅಭ್ಯಾಸ ಅದು. ಇಪ್ಪತ್ತು ವರ್ಷ ಬಿಟ್ಟವರು ನಾಳೆಯೇ ಹಾಗೆ ಹಾರಲು ಹೋಗಬಾರದು.

ಹಾಗಾದರೆ ಎಲ್ಲಿಂದ ತೊಡಗಬೇಕು? ಮೊದಲು ವೈದ್ಯರಲ್ಲಿ ರಕ್ತದೊತ್ತಡ, ಸಕ್ಕರೆ, ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ. ಬಳಿಕ ಹಳೆಯ ಎಣಿಕೆಯನ್ನು ಮರೆತುಬಿಡಿ. ಹಿಂದೆ ಐನೂರು ಬಸ್ಕಿ ಹೊಡೆದವರಿಗೂ ಈಗ ಹತ್ತು ಸಾಕು. ಮಂಡಿ ನೋವಿದ್ದರೆ ಕುರ್ಚಿಯಿಂದ ಎದ್ದು ಕೂರುವುದೇ ಬಸ್ಕಿ. ನೆಲದ ದಂಡ ಕಷ್ಟವಾದರೆ ಗೋಡೆಗೆ ಕೈಕೊಟ್ಟು ಮಾಡಬಹುದು. ಗದೆ ಹಗುರವಾಗಿರಲಿ. ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ರಕ್ತದೊತ್ತಡ ಥಟ್ಟನೆ ಏರುತ್ತದೆ. ಮೈ ಬೆಚ್ಚಗಾಗುವ ಮುನ್ನ ಪಟ್ಟು ಹಾಕುವುದೂ ಬೇಡ. ಕುತ್ತಿಗೆ ಹಿಡಿದು ಎಸೆಯುವ ಪಟ್ಟುಗಳನ್ನಂತೂ ಹುಡುಗರಿಗೇ ಬಿಟ್ಟುಕೊಡಿ. ಸೋಲೊಪ್ಪದ ಛಲ ಈ ವಯಸ್ಸಿನಲ್ಲಿ ಮೂಳೆ ಮುರಿಸುತ್ತದೆ. ಒಂದು ದಿನ ತಾಲೀಮು, ಒಂದು ದಿನ ನಡಿಗೆ ಎಂದಿಟ್ಟುಕೊಂಡರೆ ಮೈಗೆ ಬಿಡುವು ಸಿಗುತ್ತದೆ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆಗಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಊಟದಲ್ಲಿ ತುಪ್ಪವನ್ನು ತಗ್ಗಿಸಿ, ಬೇಳೆ-ಕಾಳು, ಮೊಟ್ಟೆ, ಸೊಪ್ಪನ್ನು ಉಳಿಸಿಕೊಳ್ಳಿ. ಇನ್ನು ಗರಡಿಯಲ್ಲಿ ಹಿರಿಯರಿಗೆ ಕೆಲಸವೇನು ಕಡಿಮೆಯೆ? ಮಟ್ಟಿ ಅಗೆದು ಹದ ಮಾಡುವುದೇ ಒಳ್ಳೆಯ ವ್ಯಾಯಾಮ. ಹೊಸ ಹುಡುಗರ ಕೈಹಿಡಿತ ತಿದ್ದಲು ಪಕ್ಕದಲ್ಲಿ ನಿಂತರೆ ನಿಮ್ಮ ಕಾಲೂ ಅವರ ಜೊತೆ ಆಡುತ್ತಿರುತ್ತದೆ.