ಎಚ್ಚರದ ಮನುಷ್ಯ, ನಿದ್ರಿಸುವ ಪಾದ

ಪಾದಕ್ಕೆ ಮುಳ್ಳು ನೆಟ್ಟಾಗ ನೋವು ಪಾದದಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಶರೀರಶಾಸ್ತ್ರದ ಮಾತು ಬೇರೆ. ಮುಳ್ಳು ಚುಚ್ಚಿದ ಸುದ್ದಿ ನರಗಳ ಹಾದಿಯಲ್ಲಿ ಸಾಗಿ, ಬೆನ್ನುಹುರಿಯನ್ನೇರಿ, ಮಿದುಳನ್ನು ಮುಟ್ಟಿದ ಮೇಲೆಯೇ ಅದಕ್ಕೆ ನೋವೆಂಬ ಹೆಸರು. ಹಾಗಾದರೆ ಸುದ್ದಿಯನ್ನು ಹಾದಿಯಲ್ಲಿಯೇ ತಡೆದರೆ ಹೇಗೆ? ವೈದ್ಯರು ನರ್ವ್ ಬ್ಲಾಕ್ ಎಂದು ಕರೆಯುವ ಅರಿವಳಿಕೆಯ ತಿರುಳು ಇಷ್ಟೆ.

ಇದರ ಪೂರ್ವಚರಿತ್ರೆ ಸ್ವಾರಸ್ಯವಾದುದು. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್, ಕೊಕೇನಿನ ಹನಿಗಳಿಂದ ಕಣ್ಣಿನ ನೋವರಿವನ್ನು ಅಡಗಿಸಬಹುದೆಂದು ತೋರಿಸಿದನು. 1898ರಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಔಗುಸ್ಟ್ ಬೀರ್, ಅದೇ ಔಷಧವನ್ನು ಬೆನ್ನುಹುರಿಯ ಸುತ್ತಲಿನ ದ್ರವದೊಳಕ್ಕೆ ಚುಚ್ಚಿ, ಕ್ಷಯ ತಗುಲಿದ್ದ ಕೂಲಿಕಾರನೊಬ್ಬನ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿದನು. ಮುಂದೆ ಬೀರನು ತನ್ನ ಸಹಾಯಕ ಹಿಲ್ಡೆಬ್ರಾಂಟನ ಮೇಲೂ ಪ್ರಯೋಗ ನಡೆಸಿದನು. ಕಾಲಿಗೆ ಸುತ್ತಿಗೆಯ ಪೆಟ್ಟು ಬಿದ್ದರೂ, ಉರಿಯುವ ಚುಟ್ಟ ತಗುಲಿದರೂ ಸಹಾಯಕನಿಗೆ ನೋವಾಗಲಿಲ್ಲ! ಔಷಧದ ಪ್ರಭಾವ ಇಳಿದ ಮೇಲೆ ಆ ಪೆಟ್ಟುಗಳು ತಮ್ಮ ಲೆಕ್ಕವನ್ನು ಒಪ್ಪಿಸದೆ ಬಿಡಲಿಲ್ಲ.

ಬೆನ್ನಿಗೆ ಚುಚ್ಚಿದರೆ ಎರಡು ಕಾಲುಗಳೂ ಮರಗಟ್ಟುವುವು. ಒಂದೇ ಪಾದ ಸಾಕೆಂದರೆ ಹಾದಿ ಇನ್ನೂ ಕಿರಿದು. ಪಾದಕ್ಕೆ ಅರಿವನ್ನು ಒದಗಿಸುವ ನರಗಳು ಐದು. ಅವುಗಳಲ್ಲಿ ನಾಲ್ಕು, ದೇಹದಲ್ಲೆಲ್ಲ ಅತ್ಯಂತ ದಪ್ಪನಾದ ಸಯಾಟಿಕ್ ನರದ ಕವಲುಗಳು. ಐದನೆಯದು ತೊಡೆಯ ಮುಂಭಾಗದ ನರದಿಂದ ಇಳಿದುಬಂದುದು. ವೈದ್ಯರು ಈ ಐದನ್ನೂ ಕಾಲಿನ ಹರಡಿನ ಸುತ್ತ ತಡೆಯಬಹುದು. ಇಲ್ಲವೆ ಮೊಣಕಾಲಿನ ಹಿಂಭಾಗದಲ್ಲಿ ಸಯಾಟಿಕ್ ನರವನ್ನು ಹಿಡಿದು, ಉಳಿದೊಂದನ್ನು ಬೇರೆಡೆ ತಡೆಯಬಹುದು. ಹಿಂದೆ ಚರ್ಮದ ಮೇಲಣ ಗುರುತುಗಳೇ ದಾರಿದೀಪವಾಗಿದ್ದುವು. ಇಂದು ಅಲ್ಟ್ರಾಸೌಂಡ್ ಪರದೆಯ ಮೇಲೆ ನರವನ್ನೂ ಸೂಜಿಯನ್ನೂ ಕಣ್ಣಾರೆ ನೋಡುತ್ತ ಔಷಧವನ್ನು ಬಿಡುತ್ತಾರೆ. ನರತಂತುವಿನ ಪೊರೆಯಲ್ಲಿ ಸೋಡಿಯಂ ಕಣಗಳು ಒಳಹೊಗುವ ಸೂಕ್ಷ್ಮ ದ್ವಾರಗಳನ್ನು ಔಷಧ ಮುಚ್ಚುತ್ತದೆ. ಸುದ್ದಿ ಅಲ್ಲಿಯೇ ನಿಲ್ಲುತ್ತದೆ.

ಇದರ ನಿಜವಾದ ಬೆಲೆ ತಿಳಿಯುವುದು ಶಸ್ತ್ರಚಿಕಿತ್ಸೆಯ ಅನಂತರದ ರಾತ್ರಿಯಲ್ಲಿ. ಪಾದದ ಮೂಳೆಯನ್ನು ಕೊಯ್ದು ಸರಿಪಡಿಸಿದ ಮೊದಲ ರಾತ್ರಿ ಬಲು ಯಾತನೆಯದು. ಬುಪಿವಕೇನ್, ರೋಪಿವಕೇನ್ ಮೊದಲಾದ ಔಷಧಗಳು ಹಲವು ಗಂಟೆಗಳ ಕಾಲ ಆ ಯಾತನೆಯನ್ನು ದೂರವಿಡುತ್ತವೆ. ಓಕರಿಕೆ, ಮಂಪರು ತರುವ ಮಾರ್ಫಿನಿನಂಥ ಮದ್ದಿನ ಅಗತ್ಯ ಕಡಮೆಯಾಗುತ್ತದೆ. ಹೃದಯವೋ ಶ್ವಾಸಕೋಶವೋ ದುರ್ಬಲವಾಗಿರುವ ವೃದ್ಧರಿಗೆ, ಕಾಲ್ಬೆರಳು ಕೊಳೆತ ಮಧುಮೇಹಿಗಳಿಗೆ, ಪೂರ್ಣ ಪ್ರಜ್ಞೆ ತಪ್ಪಿಸದೆಯೇ ಚಿಕಿತ್ಸೆ ಮಾಡುವ ಅವಕಾಶ ಎಷ್ಟೋ ವೇಳೆ ದೊರೆಯುತ್ತದೆ.

ಆದರೆ ಅಪಾಯವೇ ಇಲ್ಲವೆನ್ನಲಾಗದು. ಔಷಧ ರಕ್ತನಾಳವನ್ನು ಹೊಕ್ಕರೆ ಸೆಳವು ಬರಬಹುದು, ಹೃದಯದ ಗತಿ ಕೆಡಬಹುದು. ಅಪರೂಪವಾಗಿ ನರಕ್ಕೆ ಘಾಸಿಯಾಗುವುದೂ ಉಂಟು. ಆದುದರಿಂದ ತಜ್ಞರ ಕಣ್ಗಾವಲು ಬೇಕೇ ಬೇಕು.

ರೋಗಿಯ ಮನೆಯವರಿಗೂ ಇಲ್ಲಿ ಕೆಲಸವುಂಟು. ಮರಗಟ್ಟಿದ ಪಾದ ಬಿಸಿನೀರಿಗೆ ಹೆದರದು, ಬಿಗಿಯಾದ ಪಟ್ಟಿಯ ಬಗೆಗೆ ದೂರದು, ನೆಲವನ್ನೂ ಗುರುತಿಸದು. ಅರಿವು ಮರಳುವ ತನಕ ರೋಗಿ ಒಬ್ಬನೇ ಎದ್ದು ನಡೆಯಬಾರದು. ಬಿಸಿನೀರಿನ ಚೀಲವನ್ನು ಪಾದಕ್ಕೆ ತಾಗಿಸಬಾರದು. ವೈದ್ಯರು ಬರೆದುಕೊಟ್ಟ ನೋವಿನ ಗುಳಿಗೆಯನ್ನು ಔಷಧದ ಪ್ರಭಾವ ಪೂರ್ತಿ ಇಳಿಯುವ ಮೊದಲೇ, ಅವರು ಹೇಳಿದ ಹೊತ್ತಿಗೆ ನುಂಗಿಸಬೇಕು. ತಡೆದಿಟ್ಟ ನೋವು ನಡುರಾತ್ರಿಯಲ್ಲಿ ಒಮ್ಮೆಗೇ ನುಗ್ಗಿ ಬರುವುದುಂಟು. ಪಾದ ನಿದ್ರಿಸುವಷ್ಟು ಹೊತ್ತು ಮನೆಯವರು ಎಚ್ಚರವಾಗಿರಬೇಕು.