ವಾರಸುದಾರರಿಲ್ಲದ ಟಾರ್ಪಿಡೊ ವಿಮಾನ

ನೀರೊಳಗೆ ತನ್ನದೇ ಎಂಜಿನ್ನಿನ ಬಲದಿಂದ ಓಡಿ ಹಡಗಿನ ಒಡಲಿಗೆ ಬಡಿಯುವ ಸ್ಫೋಟಕವೇ ಟಾರ್ಪಿಡೊ. ಅದನ್ನು ಆಕಾಶದಿಂದ ಇಳಿಬಿಟ್ಟು ಹಡಗಿಗೆ ಹೊಡೆದವರಲ್ಲಿ ಬ್ರಿಟಿಷರೇ ಮೊದಲಿಗರು. 1915ರ ಆಗಸ್ಟ್ 12ರಂದು ಡಾರ್ಡನೆಲ್ಸ್ ಕಾಳಗದಲ್ಲಿ ಚಾರ್ಲ್ಸ್ ಎಡ್ಮಂಡ್ಸ್ ಹಾರಿಸಿದ ಷಾರ್ಟ್ 184 ವಿಮಾನ ತುರ್ಕಿಯ ಹಡಗೊಂದಕ್ಕೆ ಟಾರ್ಪಿಡೊ ಬಿಟ್ಟಿತು. ಎರಡು ವರ್ಷಗಳಲ್ಲಿ ಸಾಪ್‌ವಿತ್ ಕಂಪನಿಯ ಕುಕೂ ಬಂತು. ಹಡಗಿನ ಅಟ್ಟದಿಂದಲೇ ಟಾರ್ಪಿಡೊ ಹೊತ್ತು ಏರಬಲ್ಲ ವಿಮಾನ ಅದು. ಅಡ್ಮಿರಲ್ ಬೀಟಿ 1917ರಲ್ಲೇ ಇಂಥ ನೂರಿಪ್ಪತ್ತು ವಿಮಾನಗಳಿಂದ ಜರ್ಮನ್ ನೌಕಾಬಲವನ್ನು ಅದರ ಬಂದರಿನಲ್ಲೇ ಹೊಡೆಯುವ ಯೋಜನೆ ಮುಂದಿಟ್ಟಿದ್ದರು. ಆದರೆ ಕುಕೂ ದಳ ಆರ್ಗಸ್ ಎಂಬ ವಿಮಾನವಾಹಕ ನೌಕೆಯನ್ನು ಸೇರಿದ್ದು 1918ರ ಅಕ್ಟೋಬರಿನಲ್ಲಿ. ಮರುತಿಂಗಳು ಯುದ್ಧವೇ ಮುಗಿಯಿತು.

ಇಷ್ಟು ಮುಂದಿದ್ದ ದೇಶ 1939ರಲ್ಲಿ ಬಟ್ಟೆ ಹೊದಿಸಿದ, ಮೇಲೊಂದು ಕೆಳಗೊಂದು ರೆಕ್ಕೆಯ ಸ್ವೋರ್ಡ್‌ಫಿಶ್ ಹಿಡಿದು ಯುದ್ಧಕ್ಕಿಳಿದದ್ದು ಹೇಗೆ? ಉತ್ತರದ ಬಹುಪಾಲು 1918ರ ಏಪ್ರಿಲ್ 1ರಲ್ಲಿದೆ. ಅಂದು ನೌಕಾಪಡೆಯ ವಿಮಾನದಳವನ್ನೂ ಭೂಸೇನೆಯ ವಿಮಾನದಳವನ್ನೂ ಕೂಡಿಸಿ ರಾಯಲ್ ಏರ್‌ಫೋರ್ಸ್ ಕಟ್ಟಲಾಯಿತು. ನೌಕಾಪಡೆಯಿಂದ ಸುಮಾರು 55,000 ಜನ, 3,000ಕ್ಕೆ ಹತ್ತಿರದಷ್ಟು ವಿಮಾನಗಳು ಹೊಸ ಪಡೆಗೆ ಹೋದವು. ಹೋದ ಆಸ್ತಿಗಿಂತ ಹೋದ ಅನುಭವ ದೊಡ್ಡದು. ಹಾರಾಟ ಬಲ್ಲ ತರುಣ ಅಧಿಕಾರಿಗಳು ನೌಕಾಪಡೆಯಲ್ಲೇ ಉಳಿದಿದ್ದರೆ ಮೂವತ್ತರ ದಶಕದ ಹೊತ್ತಿಗೆ ಅವರ ಮಾತು ಮೇಲಿನವರೆಗೆ ಮುಟ್ಟುತ್ತಿತ್ತು.

ಹೊಸ ವಾಯುಪಡೆಗೆ ಬೇರೆಯೇ ಚಿಂತೆ. ಅದರ ಮುಖ್ಯಸ್ಥ ಟ್ರೆಂಚರ್ಡ್ ಅವರ ನಂಬಿಕೆಯಲ್ಲಿ ಮುಂದಿನ ಯುದ್ಧವನ್ನು ಗೆಲ್ಲಿಸುವುದು ಶತ್ರುದೇಶದ ಒಳನಾಡಿನ ಮೇಲೆ ಬಾಂಬು ಹಾಕುವ ವಿಮಾನಗಳು. ಹತ್ತು ವರ್ಷ ದೊಡ್ಡ ಯುದ್ಧ ಬಾರದೆಂಬ 1919ರ ಸರ್ಕಾರಿ ಎಣಿಕೆಯಿಂದ ಹಣ ಮೊದಲೇ ಬಿಗಿಯಾಗಿತ್ತು. ಇದ್ದ ಹಣದಲ್ಲಿ ಬಾಂಬರಿಗೆ ಮೊದಲ ಮಣೆ. ನೌಕಾಪಡೆ ತನಗೇನು ಬೇಕೆಂದು ಹೇಳಬೇಕು, ವಾಯುಮಂತ್ರಾಲಯ ಅದನ್ನು ಮಾಡಿಸಬೇಕು. ಈ ಏರ್ಪಾಡಿನಲ್ಲಿ ಟಾರ್ಪಿಡೊ ವಿಮಾನಕ್ಕಾಗಿ ಪಟ್ಟುಹಿಡಿಯುವವರು ಯಾರೂ ಇರಲಿಲ್ಲ. ಡಾರ್ಟ್, ರಿಪನ್, ಬ್ಯಾಫಿನ್, ಶಾರ್ಕ್ ಒಂದರ ಹಿಂದೊಂದು ಬಂದವು. ಎಲ್ಲವೂ ಒಂದೇ ಅಚ್ಚಿನವು. ವಾಹಕನೌಕೆಗಳು ಕಡಿಮೆ, ಅವುಗಳಲ್ಲಿ ಜಾಗವೂ ಕಡಿಮೆ. ಹಾಗಾಗಿ ಒಂದೇ ವಿಮಾನ ಟಾರ್ಪಿಡೊ ಹೊಡೆಯಬೇಕು, ಶತ್ರುವನ್ನು ಹುಡುಕಬೇಕು, ಹಡಗಿನ ಫಿರಂಗಿಯ ಗುರಿಯನ್ನೂ ತಿದ್ದಬೇಕು. 1934ರಲ್ಲಿ ಹಾರಿದ ಸ್ವೋರ್ಡ್‌ಫಿಶ್ ಈ ಮೂರು ಕೆಲಸಕ್ಕೂ ಒಗ್ಗಿತು. ಅದರ ವೇಗ ಮಾತ್ರ ಗಂಟೆಗೆ ಸುಮಾರು 220 ಕಿಲೋಮೀಟರ್.

ಜಪಾನಿನ ಕಥೆ ಬೇರೆ. ಅಲ್ಲಿನ ನೌಕಾಪಡೆಗೆ ಈ ವಿದ್ಯೆ ಕಲಿಸಿದ್ದು ಸೆಂಪಿಲ್ ಮುಂದಾಳುತನದಲ್ಲಿ 1921ರಲ್ಲಿ ಹೋದ ಬ್ರಿಟಿಷ್ ತಂಡ. ಅದು ಕೊಂಡೊಯ್ದ ವಿಮಾನಗಳಲ್ಲಿ ಕುಕೂ ಕೂಡ ಇತ್ತು. ಜಪಾನಿನ ನೌಕಾಪಡೆ ವಿಮಾನಗಳನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು. 1937ರಲ್ಲಿ ಅಲ್ಲಿ ಹಾರಿದ ನಕಾಜಿಮಾ ಬಿ5ಎನ್, ಒಂದೇ ಜೋಡಿ ರೆಕ್ಕೆಯ ಲೋಹದ ವಿಮಾನ, ಗಂಟೆಗೆ ಸುಮಾರು 370 ಕಿಲೋಮೀಟರ್ ಓಡುತ್ತಿತ್ತು. ಪರ್ಲ್ ಹಾರ್ಬರಿನಲ್ಲಿ ಟಾರ್ಪಿಡೊ ಬಿಟ್ಟದ್ದು ಅದೇ.

1918ರಲ್ಲಿ ವಿಲೀನ ನಡೆಯದೇ ಹೋಗಿದ್ದರೆ? ಬ್ರಿಟನ್ನಿಗೂ ಮೂವತ್ತರ ದಶಕದ ಕೊನೆಗೆ ಇಂಥದೊಂದು ವಿಮಾನ ಸಿಕ್ಕಿರುತ್ತಿತ್ತೆಂದು ಊಹಿಸಲು ಆಧಾರವಿದೆ. ಆದರೆ ವೇಗವೇ ಎಲ್ಲವನ್ನೂ ಬದಲಿಸುತ್ತಿರಲಿಲ್ಲ. ಅಂದಿನ ಟಾರ್ಪಿಡೊವನ್ನು ಎತ್ತರದಿಂದ, ಜೋರಾಗಿ ಹಾರುತ್ತ ಬಿಟ್ಟರೆ ನೀರಿಗೆ ಬಡಿದು ಕೆಡುತ್ತಿತ್ತು. ವಿಮಾನ ತಗ್ಗಿನಲ್ಲಿ, ನೇರಗೆರೆಯಲ್ಲಿ ಹೋಗಲೇಬೇಕು. ಅಮೆರಿಕದ ನೌಕಾಪಡೆಗೆ ತನ್ನದೇ ವಿಮಾನದಳವಿತ್ತು, ಒಂದೇ ಜೋಡಿ ರೆಕ್ಕೆಯ ಡಿವಾಸ್ಟೇಟರ್ ಕೂಡ ಇತ್ತು. ಆದರೂ 1942ರ ಜೂನ್ 4ರಂದು ಮಿಡ್ವೇಯಲ್ಲಿ ವಾಹಕನೌಕೆಗಳಿಂದ ಹೊರಟ 41 ಡಿವಾಸ್ಟೇಟರುಗಳಲ್ಲಿ ಬಹುತೇಕ ಮರಳಲಿಲ್ಲ. ಇತ್ತ 1940ರ ನವೆಂಬರಿನಲ್ಲಿ ರಾತ್ರಿ ವೇಳೆ ಟಾರಾಂಟೊ ಬಂದರಿಗೆ ಹೋದ 21 ಸ್ವೋರ್ಡ್‌ಫಿಶ್‌ಗಳು ಇಟಲಿಯ ಮೂರು ಭಾರಿ ಯುದ್ಧನೌಕೆಗಳಿಗೆ ಟಾರ್ಪಿಡೊ ಹೊಡೆದು, ಎರಡನ್ನು ಮಾತ್ರ ಕಳೆದುಕೊಂಡು ಬಂದವು. ಅದೇ ವಿಮಾನ 1942ರ ಫೆಬ್ರುವರಿ 12ರಂದು ಹಗಲಿನಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಜರ್ಮನ್ ಹಡಗುಗಳತ್ತ ಹೋದಾಗ ಆರಕ್ಕೆ ಆರೂ ಉರುಳಿದವು. ಹದಿನೆಂಟು ಜನರಲ್ಲಿ ಉಳಿದವರು ಐವರು. ವಾಯುಪಡೆಯ ಕೈಯಲ್ಲಿದ್ದ ಈ ವಿಮಾನಗಳನ್ನು ನೌಕಾಪಡೆಗೆ ಮರಳಿಸಲು 1937ರಲ್ಲೇ ನಿರ್ಧಾರವಾಗಿತ್ತು, ಕೈಸೇರಿದ್ದು ಮಾತ್ರ 1939ರ ಮೇ ತಿಂಗಳಿನಲ್ಲಿ. 1918ರಿಂದ ಅಲ್ಲಿಯವರೆಗಿನ ಎರಡು ದಶಕಗಳ ಅಸಡ್ಡೆಗೆ ಕಾಲುವೆಯ ಮೇಲೆ ಹಾರಿದಂಥ ಹುಡುಗರು ತೆತ್ತ ಬೆಲೆ ದೊಡ್ಡದು.

ಬಾಂಬರುಗಳ ಕಡೆಯೂ ಟಾರ್ಪಿಡೊದ ಗುರುತು ಉಳಿಯಿತು. ವಾಯುಮಂತ್ರಾಲಯ 1936ರಲ್ಲಿ ಹೊರಡಿಸಿದ ಪಿ.13/36 ಎಂಬ ಬೇಡಿಕೆಪತ್ರದಲ್ಲಿ ಹೊಸ ಬಾಂಬರು ಎರಡು ಟಾರ್ಪಿಡೊ ಹೊರಬೇಕೆಂಬ ಷರತ್ತಿತ್ತು. ಅದಕ್ಕಾಗಿ ಆವ್ರೊ ಕಂಪನಿ ಮ್ಯಾಂಚೆಸ್ಟರ್ ವಿಮಾನದ ಹೊಟ್ಟೆಯನ್ನು ನಡುವೆ ಅಡ್ಡಗೋಡೆಯಿಲ್ಲದೆ ಉದ್ದಕ್ಕೆ ಬಿಟ್ಟಿತು. ಷರತ್ತು ಮುಂದೆ ಬಿದ್ದುಹೋಯಿತು, ಸುಮಾರು ಹತ್ತು ಮೀಟರಿನ ಆ ಉದ್ದನೆಯ ಹೊಟ್ಟೆ ಮ್ಯಾಂಚೆಸ್ಟರಿನಿಂದ ರೂಪುಗೊಂಡ ಲ್ಯಾಂಕಾಸ್ಟರ್ ಬಾಂಬರಿಗೆ ಬಂತು. ಐದು ಟನ್ನಿಗೂ ಮೀರಿದ ಟಾಲ್‌ಬಾಯ್ ಬಾಂಬನ್ನು ಅದರಲ್ಲಿ ಹೊತ್ತೊಯ್ದ ಲ್ಯಾಂಕಾಸ್ಟರುಗಳು 1944ರ ನವೆಂಬರ್ 12ರಂದು ನಾರ್ವೆಯ ಟ್ರೊಮ್ಸೊ ಬಳಿ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯನ್ನು ಬುಡಮೇಲು ಮಾಡಿದವು.