ಸಂಜೆಯ ಹಳ್ಳದಲ್ಲಿ ಗೆಂಡೆಮೀನು

ಗಾಳ ಹಾಕಿ ಕುಳಿತವನನ್ನು ಸೋಮಾರಿಯೆಂದು ಕರೆಯುವುದು ಲೋಕರೂಢಿ. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವುಂಟು. ಯಾವ ಮೀನಿಗೆ ಯಾವ ಆಹಾರವೆಂಬ ವಿವೇಚನೆಯೂ ಅಲ್ಲಿದೆ. ಅರಸನಿಗೆ ತಕ್ಕುದೆಂದು ಎಣಿಸಿದ ಈ ವಿನೋದಕ್ಕೆ ಮೀನಿನ ಸ್ವಭಾವದ ತಿಳಿವೇ ಆಧಾರ. ಆ ತಿಳಿವಿನ ಒಂದೆರಡು ಅಂಶಗಳನ್ನು, ನಮ್ಮ ಹಳ್ಳ ಕೆರೆಗಳಲ್ಲಿ ಇಂದು ನೆಲೆಯೂರಿರುವ ಸಾಮಾನ್ಯ ಗೆಂಡೆಮೀನನ್ನು ಮುಂದಿಟ್ಟುಕೊಂಡು ಹೇಳಬಯಸುತ್ತೇನೆ.

ಬೇಸಗೆಯ ಸಂಜೆ ಗೆಂಡೆ ದಡಕ್ಕೆ ಬರುತ್ತದೆಂಬುದು ಗಾಳದವರ ಅನುಭವ. ಮೀನಿಗೆ ಸ್ವಂತದ ಮೈಬಿಸಿಯಿಲ್ಲ; ನೀರು ತಣ್ಣಗಾದರೆ ಅದರ ಹಸಿವು ಮಂದವಾಗುತ್ತದೆ, ಹಿತವಾಗಿ ಬೆಚ್ಚಗಾದರೆ ಚುರುಕಾಗುತ್ತದೆ. ಹಗಲೆಲ್ಲ ಬಿಸಿಲುಂಡ ಜಲಸಸ್ಯಗಳು ಹೊರಬಿಟ್ಟ ಆಮ್ಲಜನಕವೂ ಸಂಜೆಯ ಹೊತ್ತಿಗೆ ನೀರಿನಲ್ಲಿ ತುಂಬಿರುತ್ತದೆ. ಇರುಳೆಲ್ಲ ವ್ಯಯವಾಗಿ ನಸುಕಿನಲ್ಲಿ ಅದು ತೀರ ಕಡಮೆಯಾಗುತ್ತದೆ. ಬೆಳಕು ಇಳಿದಂತೆ, ಆಳವಿಲ್ಲದ ಅಂಚಿಗೆ ಬರುವ ಅಂಜಿಕೆಯೂ ಗೆಂಡೆಗೆ ಇಳಿಯುತ್ತದೆ.

ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ. ಬಾಯಿಯ ಅಂಚಿನ ಎರಡು ಜೊತೆ ಮೀಸೆಗಳಿಂದ ಕೆಸರನ್ನು ತಡವಿ, ರುಚಿ ನೋಡಿ, ಆಹಾರವನ್ನು ಹೀರಿಕೊಳ್ಳುತ್ತದೆ, ಒಪ್ಪದಿದ್ದರೆ ಉಗುಳುತ್ತದೆ, ಒಪ್ಪಿದರೆ ಗಂಟಲೊಳಗಿನ ಹಲ್ಲುಗಳಿಂದ ಅರೆಯುತ್ತದೆ. ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿದ ಗಾಳದ ಬೆಂಡು ಮೊದಲು ನಡುಗಿ, ನಿಂತು, ಮತ್ತೆ ನಡುಗುವುದು ಇದರಿಂದಲೇ. ಆಗ ಆತುರಪಟ್ಟು ಎಳೆದವನಿಗೆ ಬರಿಯ ಗಾಳ ದಕ್ಕುತ್ತದೆ. ಬೆಂಡು ಓರೆಯಾಗಿ ಸರಿದು ಮುಳುಗುವವರೆಗೆ ಕಾಯಬೇಕು.

ಕಾಯುವಾಗ ಸದ್ದೂ ಕೂಡದು. ಗೆಂಡೆಯ ಗಾಳಿಚೀಲವನ್ನು ಒಳಕಿವಿಗೆ ಜೋಡಿಸುವ ಪುಟ್ಟ ಎಲುಬುಗಳ ಸರಪಣಿಯೊಂದಿದೆ. 1820ರಲ್ಲಿ ಅದನ್ನು ವಿವರಿಸಿದವನು ಜರ್ಮನಿಯ ಅರ್ನ್ಸ್ಟ್ ವೇಬರ್. ನೀರಿನ ಕಂಪನವನ್ನು ಗಾಳಿಚೀಲ ಹಿಡಿಯುತ್ತದೆ, ಎಲುಬುಗಳು ಕಿವಿಗೆ ಮುಟ್ಟಿಸುತ್ತವೆ. ನಾನು ಕಂಡ ಹಿರಿಯ ಗಾಳಗಾರರು ದಡದಲ್ಲಿ ಚಪ್ಪಲಿ ಕಳಚಿಟ್ಟು ನಡೆಯುತ್ತಿದ್ದರು. ವೇಬರನ ಹೆಸರನ್ನು ಅವರು ಕೇಳಿರಲಿಲ್ಲ. ಮೀನಿನ ಕಿವಿಯನ್ನು ಮಾತ್ರ ಬಲ್ಲವರಾಗಿದ್ದರು.

ಇಷ್ಟು ಪರಿಚಿತವಾದ ಈ ಮೀನು ನಮ್ಮ ನಾಡಿನದಲ್ಲ. ಇದರ ಜರ್ಮನ್ ತಳಿ 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದಿತು. ಬ್ಯಾಂಕಾಕ್ ತಳಿ 1957ರಲ್ಲಿ ಕಟಕಕ್ಕೆ ಬಂದು, ಅನಂತರ ಬಯಲುಸೀಮೆಯ ಕೆರೆಗಳಿಗೆ ಹರಡಿತು. ಅಗ್ಗದ ಆಹಾರವಾಗಿ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಕೆಸರನ್ನು ಕೆದಕುವ ಅದರ ಚಾಳಿಯಿಂದ ನೀರು ಬಗ್ಗಡವಾಗುತ್ತದೆ, ಜಲಸಸ್ಯಗಳ ಬೇರು ಕೀಳುತ್ತದೆ. ಆ ಸಸ್ಯಗಳ ನಡುವೆ ಮೊಟ್ಟೆಯಿಟ್ಟು ಮರಿ ಬೆಳೆಸುವ ನಾಡಮೀನುಗಳಿಗೆ ಆಸರೆ ತಪ್ಪುತ್ತದೆ.

ಆದುದರಿಂದ ಗಾಳಕ್ಕೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕುವ ಮುನ್ನ ಒಮ್ಮೆ ನೋಡುವುದು ಒಳಿತು. ಎರಡು ಜೊತೆ ಮೀಸೆಯೂ ಬೆನ್ನುದ್ದಕ್ಕೂ ಹಬ್ಬಿದ ಈಜುರೆಕ್ಕೆಯೂ ಇದ್ದರೆ ಅದು ಗೆಂಡೆ; ಸಂಕೋಚವಿಲ್ಲದೆ ಮನೆಗೆ ಒಯ್ಯಬಹುದು. ಮೊಟ್ಟೆ ತುಂಬಿದ ನಾಡಮೀನಾದರೆ, ಅದನ್ನು ಒದ್ದೆ ಕೈಯಿಂದಲೇ ಮೆಲ್ಲನೆ ಹಳ್ಳಕ್ಕೆ ಮರಳಿಸಬೇಕೆಂಬುದು ನನ್ನ ವಿನಂತಿ.